ಕಥೋಲಿಕ ವಿಶ್ವಾಸ: ನೆರೆಹೊರೆಯ ಪ್ರಶ್ನೆಗಳಿಗೆ ಉತ್ತರ

ಕಥೋಲಿಕ ಕ್ರೈಸ್ತರು ನಂಬುವುದು ಒಬ್ಬನೇ ದೇವರನ್ನು. ಪಿತ, ಸುತ, ಪವಿತ್ರಾತ್ಮ ಎಂಬ ಮೂವರು ಆ ಒಬ್ಬ ದೇವರೇ ಆಗಿದ್ದಾರೆ, ಮೂರು ದೇವರುಗಳಲ್ಲ. ಸುತನು ಯೇಸುವಾಗಿ ಹುಟ್ಟಿ, ಮನುಷ್ಯರ ಪಾಪಕ್ಕಾಗಿ ಶಿಲುಬೆಯ ಮೇಲೆ ಸತ್ತು, ಮೂರನೆಯ ದಿನ ಜೀವಂತವಾಗಿ ಎದ್ದನು ಎಂಬುದು ವಿಶ್ವಾಸದ ತಿರುಳು. ಕ್ರಿ.ಶ. 325ರಲ್ಲಿ ನಿಸೇಯದಲ್ಲಿ ಸೇರಿದ ಮಹಾಸಭೆ ಇದನ್ನು ವಿಶ್ವಾಸ ಪ್ರಮಾಣವಾಗಿ ಬರೆದಿಟ್ಟಿತು. ಮುಂದೆ ವಿಸ್ತಾರಗೊಂಡ ಆ ಪ್ರಮಾಣವನ್ನು ಭಾನುವಾರದ ಬಲಿಪೂಜೆಯಲ್ಲಿ ಇಂದಿಗೂ ಹೇಳುತ್ತಾರೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಥೋಲಿಕರು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವರು. ಸಂಖ್ಯೆಯಲ್ಲಿ ಕಡಿಮೆ ಇರುವ ಇವರ ಬಗ್ಗೆ ಪ್ರಶ್ನೆಗಳು ಎರಡು ಕಡೆಯಿಂದ ಬರುತ್ತವೆ: ಕ್ರೈಸ್ತರಲ್ಲದ ನೆರೆಯವರಿಂದ, ಬೇರೆ ಸಭೆಗಳ ಕ್ರೈಸ್ತರಿಂದ.

ಹೆಚ್ಚು ಕೇಳಿಬರುವ ಪ್ರಶ್ನೆ ಮಾತೆ ಮರಿಯಳದು. ತುಂಗಭದ್ರೆಯ ದಡದ ಹರಿಹರ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಅಲ್ಲಿನ ಆರೋಗ್ಯಮಾತೆಯ ದೇವಾಲಯಕ್ಕೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಎಲ್ಲ ಧರ್ಮದವರೂ ಹೋಗುತ್ತಾರೆ. ಅಲ್ಲಿ ಮೇಣದಬತ್ತಿ ಹಚ್ಚಿ ಕೈಮುಗಿಯುವವರನ್ನು ಕಂಡವರಿಗೆ ಮರಿಯ ಒಬ್ಬ ದೇವತೆ ಎನಿಸುವುದು ಸಹಜ. ಆದರೆ ಸಭೆಯ ಬೋಧನೆ ಹಾಗಿಲ್ಲ. ಮರಿಯ ಮನುಷ್ಯಳು, ದೇವರ ಸೃಷ್ಟಿ. ಆಕೆಯ ಮಗ ದೇವರೇ ಆದ್ದರಿಂದ 431ರ ಎಫೆಸ ಮಹಾಸಭೆ ಆಕೆಯನ್ನು ದೇವಮಾತೆ ಎಂದು ಕರೆಯಿತು. ಭಕ್ತರು ಆಕೆಯನ್ನು ಕೇಳಿಕೊಳ್ಳುವುದು ತಮಗಾಗಿ ಮಗನಲ್ಲಿ ಬೇಡು ಎಂದು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಆಕೆ ಮಾಡಿದ್ದೂ ಅದನ್ನೇ. ಪ್ರತಿಮೆಗಳ ವಿಷಯವನ್ನು 787ರ ಎರಡನೆಯ ನಿಸೇಯ ಮಹಾಸಭೆ ತೀರ್ಮಾನಿಸಿದೆ: ಆರಾಧನೆ ದೇವರೊಬ್ಬನಿಗೆ, ಪ್ರತಿಮೆಗೆ ಸಲ್ಲುವ ಗೌರವ ಅದು ಯಾರದೋ ಅವರಿಗೆ ತಲುಪುತ್ತದೆ. ತೀರಿಹೋದ ತಾಯಿಯ ಫೋಟೊಗೆ ಹಾರ ಹಾಕುವ ಮನೆಯವರು ಕಾಗದವನ್ನು ತಾಯಿ ಎಂದುಕೊಂಡಿರುವುದಿಲ್ಲ.

ಪರಮಪ್ರಸಾದದ ಬೋಧನೆ ಇದಕ್ಕಿಂತ ಕಠಿಣ. ಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ನಿಜವಾಗಿಯೂ ಕ್ರಿಸ್ತನ ಶರೀರ, ರಕ್ತವಾಗುತ್ತವೆ. ನೋಟ ಮತ್ತು ರುಚಿ ಮಾತ್ರ ಮೊದಲಿನಂತೆ ಉಳಿಯುತ್ತವೆ. ಇದು ಬರೀ ಸಂಕೇತ ಎನ್ನುವವರು ಯೊವಾನ್ನನ ಶುಭಸಂದೇಶದ ಆರನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ತನ್ನ ಮಾಂಸವೇ ನಿಜವಾದ ಆಹಾರ ಎಂದು ಯೇಸು ಹೇಳಿದಾಗ ಹಲವು ಶಿಷ್ಯರು ಆ ಮಾತು ತಡೆಯಲಾರದೆ ಬಿಟ್ಟುಹೋದರು. ಸಂಕೇತವಾಗಿ ಹೇಳಿದ್ದರೆ ಒಂದು ಮಾತಿನಿಂದ ಅವರನ್ನು ಉಳಿಸಿಕೊಳ್ಳಬಹುದಿತ್ತು. ಆತ ಮಾತನ್ನು ಸಡಿಲಿಸಲಿಲ್ಲ. ಎರಡನೆಯ ಶತಮಾನದ ಆರಂಭದಲ್ಲೇ ಅಂತಿಯೋಕ್ಯದ ಸಂತ ಇಗ್ನೇಷಿಯಸ್ ಇದೇ ವಿಶ್ವಾಸವನ್ನು ತನ್ನ ಪತ್ರಗಳಲ್ಲಿ ಬರೆದಿದ್ದಾನೆ. ಆದ್ದರಿಂದ ಇದು ಮಧ್ಯಯುಗದ ಕಲ್ಪನೆ ಎಂಬ ವಾದ ನಿಲ್ಲುವುದಿಲ್ಲ.

ಪಾಪನಿವೇದನೆಯನ್ನು ಗುರುಗಳ ಮುಂದೆ ಏಕೆ ಮಾಡಬೇಕು? ಕ್ಷಮಿಸುವವನು ದೇವರೇ. ಪುನರುತ್ಥಾನದ ನಂತರ ಯೇಸು ಆ ಅಧಿಕಾರವನ್ನು ಪ್ರೇಷಿತರಿಗೆ ಕೊಟ್ಟನು, ಗುರುಗಳು ಅದನ್ನು ಅವನ ಹೆಸರಿನಲ್ಲಿ ನಡೆಸುತ್ತಾರೆ. ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ನೇರವಾಗಿ ಬಯಲು ಮಾಡಿದ ಗುರುವಿಗೆ ಸಭೆಯಿಂದ ಬಹಿಷ್ಕಾರವೇ ಶಿಕ್ಷೆ.

ಉಳಿದಿರುವುದು ಮತಾಂತರದ ಪ್ರಶ್ನೆ. 2021ರಲ್ಲಿ ಹೊಸದುರ್ಗದ ಅಂದಿನ ಶಾಸಕರು ತಮ್ಮ ತಾಯಿಯನ್ನೇ ಮತಾಂತರ ಮಾಡಲಾಗಿದೆ ಎಂದು ವಿಧಾನಸಭೆಯಲ್ಲಿ ಹೇಳಿದ ಮೇಲೆ ಇದು ರಾಜ್ಯದ ಚರ್ಚೆಯಾಯಿತು. ಎಲ್ಲ ಕ್ರೈಸ್ತ ಸಭೆಗಳನ್ನೂ ಒಂದೇ ಎಂದು ಎಣಿಸುವ ಇಂಥ ಚರ್ಚೆಯಲ್ಲಿ ಕಥೋಲಿಕ ಸಭೆಯ ಸ್ವಂತ ನಿಯಮ ಯಾರ ಕಣ್ಣಿಗೂ ಬೀಳುವುದಿಲ್ಲ. ವಿಶ್ವಾಸವನ್ನು ಸಾರುವುದು ಸಭೆಯ ಕರ್ತವ್ಯ. ಬಲವಂತ ಅದರ ವಿರೋಧಿ. ಧರ್ಮದ ವಿಷಯದಲ್ಲಿ ಯಾರನ್ನೂ ಒತ್ತಾಯಿಸಬಾರದು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಘೋಷಿಸಿತು. 1983ರ ಸಭಾ ಕಾನೂನಿನ 865ನೆಯ ವಿಧಿಯಂತೆ ವಯಸ್ಕರು ತಾವಾಗಿ ಇಚ್ಛೆ ವ್ಯಕ್ತಪಡಿಸಿ, ಸಾಕಷ್ಟು ಬೋಧನೆ ಪಡೆದು, ಕ್ರೈಸ್ತ ಬದುಕನ್ನು ಕೆಲಕಾಲ ನಡೆಸಿ ನೋಡಿದ ಮೇಲೆಯೇ ಅವರಿಗೆ ಸ್ನಾನದೀಕ್ಷೆ ಕೊಡಬಹುದು.