ಡಾಕ್ಟರ್ ಕೇಳಲಿಲ್ಲ, ಅವ್ವ ಹೇಳಲಿಲ್ಲ

ದೀಪಾವಳಿಗೆ ಬನಹಟ್ಟಿಗೆ ಹೋದಾಗ ಅವ್ವ ಸೊಂಟಕ್ಕೆ ಅರಿಶಿಣ ಹಚ್ಚಿಕೊಳ್ಳುತ್ತಿದ್ದಳು. "ಲಾಡಿ ಒತ್ತಿ ಹುಣ್ಣಾಗೇತಿ, ಮೂರು ತಿಂಗಳಾತು" ಅಂದಳು. ಬಿಪಿ ಗುಳಿಗೆಗೆಂದು ತಿಂಗಳಿಗೊಮ್ಮೆ ದವಾಖಾನೆಗೆ ಹೋಗ್ತಾಳಲ್ಲ, ತೋರಿಸಲಿಲ್ಲವೇ? "ಡಾಕ್ಟರ್ ಕೇಳಲಿಲ್ಲ, ನಾ ಹೇಳಲಿಲ್ಲ. ಸೊಂಟ ಹ್ಯಾಂಗ ತೋರಸೂದು?"

ನನ್ನ ಎದೆ ಧಸಕ್ಕೆಂದಿತು. 2024ರಲ್ಲಿ 'ಬಿಎಂಜೆ ಕೇಸ್ ರಿಪೋರ್ಟ್ಸ್'ನಲ್ಲಿ ವಾರ್ಧಾ ಮತ್ತು ಬಿಹಾರದ ವೈದ್ಯರು ಬರೆದದ್ದನ್ನು ಓದಿದ್ದೆ. ಇಬ್ಬರು ಹಿರಿಯ ಮಹಿಳೆಯರಿಗೆ ಬಿಗಿಯಾದ ಸೀರೆಯ ಕಟ್ಟು ವರ್ಷಗಟ್ಟಲೆ ಉಜ್ಜಿ ಸೊಂಟದಲ್ಲಾದ ಹುಣ್ಣು ಚರ್ಮದ ಕ್ಯಾನ್ಸರ್ ಆಗಿತ್ತು. ಒಬ್ಬರದು 18 ತಿಂಗಳು, ಇನ್ನೊಬ್ಬರದು 2 ವರ್ಷ ಮಾಯದ ಹುಣ್ಣು. ನಮ್ಮ ಮೈಬಣ್ಣದವರಿಗೆ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಕಡಿಮೆ, ನಿಜ. ಆದರೆ ಮಾಯದ ಹುಣ್ಣು, ಹಳೆಯ ಸುಟ್ಟ ಕಲೆಯ ಮೇಲಿನ ಗಾಯ, ಅಂಗಾಲಲ್ಲಿ ಬೆಳೆಯುವ ಕಪ್ಪು ಮಚ್ಚೆ ಇವನ್ನು ಕಡೆಗಣಿಸುವಂತಿಲ್ಲ.

ಹಬ್ಬ ಮುಗಿದ ಮರುದಿನ ಜಮಖಂಡಿಯಲ್ಲಿ ಚರ್ಮವೈದ್ಯೆಯೊಬ್ಬರು ನನ್ನನ್ನು ಹೊರಗೆ ಕೂರಿಸಿ, ಅವ್ವನ ಹತ್ತಿರ ನಿಧಾನವಾಗಿ ಮಾತಾಡಿದರು. ಎಷ್ಟು ದಿನ ಆತು? ರಕ್ತ ಬರ್ತದೇನು? ಅಂಚು ಗಟ್ಟಿ ಆಗೇತೇನು? ಆಮೇಲೆ ಬಯಾಪ್ಸಿ ಆಯ್ತು. ಕ್ಯಾನ್ಸರ್ ಇರಲಿಲ್ಲ. ಲಾಡಿ ಹೋಗಿ ಅಗಲ ಇಲಾಸ್ಟಿಕ್ ಬಂತು, ಹುಣ್ಣು ಮಾಯಿತು.

"ಮೊದಲೇ ಯಾರರ ಕೇಳಿದ್ರ ಹೇಳತಿದ್ನಲ್ಲೋ" ಅಂದಳು ಅವ್ವ. ವಾರಕ್ಕೆರಡು ವಿಡಿಯೋ ಕಾಲ್ ಮಾಡುವ ನಾನೂ ಕೇಳಿರಲಿಲ್ಲ. ಇವತ್ತು ಮನೆಗೆ ಫೋನ್ ಮಾಡಿದಾಗ, ಊಟ ಆಯ್ತಾ ಅಂದಮೇಲೆ ಇದನ್ನೂ ಒಮ್ಮೆ ಕೇಳಿ.