ಗುಂಟೂರಿನ ವೈದ್ಯ ಸಂನ್ಯಾಸಿನಿ

ಬೆಂಗಳೂರಿನ ಕೋರಮಂಗಲದ ಬಳಿ ಇರುವ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಅರಿಯದವರು ಆ ನಗರದಲ್ಲಿ ವಿರಳ. ಕಾಯಿಲೆ ಬಿದ್ದ ಬಂಧುಗಳ ಮಗ್ಗುಲಲ್ಲಿ ಕುಳಿತು ಅಲ್ಲಿ ರಾತ್ರಿಗಳನ್ನು ಕಳೆದ ಕುಟುಂಬಗಳಿಗಂತೂ ಲೆಕ್ಕವಿಲ್ಲ. ಆದರೆ ಇಂತಹುದೊಂದು ವಿದ್ಯಾಲಯ ಈ ದೇಶದಲ್ಲಿ ಆಗಬೇಕೆಂದು ಹಂಬಲಿಸಿ, ಅದು ಹುಟ್ಟುವುದಕ್ಕೆ ಆರು ವರ್ಷ ಮೊದಲೇ ಅದೇ ನಗರದಲ್ಲಿ ಕಣ್ಮುಚ್ಚಿದ ಸಂನ್ಯಾಸಿನಿಯೊಬ್ಬರ ಹೆಸರನ್ನು ಬಲ್ಲವರು ಕೆಲವರೇ. ಆಕೆ ಆಸ್ಟ್ರೇಲಿಯದ ಡಾಕ್ಟರ್ ಮೇರಿ ಗ್ಲೌರಿ.

ಮೇರಿ ಜನಿಸಿದ್ದು 1887ರ ಜೂನ್ 23ರಂದು, ವಿಕ್ಟೋರಿಯಾ ಪ್ರಾಂತದ ಬಿರ್ರೆಗುರ್ರಾ ಎಂಬ ಊರಿನಲ್ಲಿ. ಐರಿಷ್ ಮೂಲದ ಕ್ಯಾಥೊಲಿಕ್ ಮನೆತನ. ಒಂಬತ್ತು ಮಕ್ಕಳ ತುಂಬು ಸಂಸಾರ. ಬಾಲ್ಯ ಕಳೆದದ್ದು ವಾಚೆಂ ಎಂಬ ಹಳ್ಳಿಯಲ್ಲಿ. ಓದಿನಲ್ಲಿ ಚುರುಕಾಗಿದ್ದ ಹುಡುಗಿ ವಿದ್ಯಾರ್ಥಿವೇತನ ಗಳಿಸಿ ಮೆಲ್ಬೋರ್ನ್ ನಗರಕ್ಕೆ ಬಂದಳು. ವಿಶ್ವವಿದ್ಯಾಲಯದಲ್ಲಿ ಮೊದಲು ಕಲಾ ವಿಭಾಗಕ್ಕೆ ಸೇರಿದವಳು ತಂದೆಯ ಪ್ರೋತ್ಸಾಹದಿಂದ ವೈದ್ಯಶಾಸ್ತ್ರಕ್ಕೆ ಬದಲಾಯಿಸಿಕೊಂಡಳು. ಹೆಣ್ಣುಮಕ್ಕಳು ವೈದ್ಯ ವಿದ್ಯೆಗೆ ಹೋಗುವುದನ್ನು ಲೋಕ ಹುಬ್ಬೇರಿಸಿ ನೋಡುತ್ತಿದ್ದ ಕಾಲವದು. ಮಗಳನ್ನು ಆ ದಾರಿಗೆ ಹಚ್ಚಿದ ತಂದೆಯನ್ನೂ ಇಲ್ಲಿ ನೆನೆಯುವುದು ಉಚಿತ.

1910ರಲ್ಲಿ ಪದವಿ ಬಂದಿತು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಕೆಲಕಾಲ ಆಸ್ಪತ್ರೆಯ ಕೆಲಸ ಮಾಡಿ ಮೆಲ್ಬೋರ್ನಿಗೆ ಹಿಂದಿರುಗಿದ ಮೇರಿ, ಅಲ್ಲಿನ ಕಣ್ಣು ಮತ್ತು ಕಿವಿಯ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುತ್ತ, ಕಾಲಿನ್ಸ್ ಸ್ಟ್ರೀಟ್ ಎಂಬ ಪ್ರತಿಷ್ಠಿತ ಬೀದಿಯಲ್ಲಿ ಸ್ವಂತ ಚಿಕಿತ್ಸಾಲಯವನ್ನೂ ತೆರೆದರು. ಕೈತುಂಬ ಕೆಲಸ, ಊರಿನಲ್ಲಿ ಗೌರವ. ಕ್ಯಾಥೊಲಿಕ್ ಮಹಿಳೆಯರ ಸಾಮಾಜಿಕ ಸಂಘವೊಂದು 1916ರಲ್ಲಿ ಸ್ಥಾಪಿತವಾದಾಗ ಅದರ ಪ್ರಥಮ ಅಧ್ಯಕ್ಷೆಯಾದವರೂ ಅವರೇ. ಇಂತಹ ಬದುಕನ್ನು ಬಿಟ್ಟುಹೋಗಲು ಯಾರಿಗಾದರೂ ಕಾರಣವೇನಿದ್ದೀತು?

ಕಾರಣ ಅದಾಗಲೇ ಅವರ ಕೈಸೇರಿತ್ತು. 1915ರ ಅಕ್ಟೋಬರ್ 24, ಭಾನುವಾರ. ಅಂದು ಮೇರಿ ಓದಿದ್ದು ಒಂದು ಕಿರುಹೊತ್ತಗೆ. ಅದರಲ್ಲಿದ್ದದ್ದು ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮ್ಯಾಕ್ಲಾರೆನ್ ಅವರ ಕಥೆ. ಅದರೊಂದಿಗೆ, ಭಾರತದಲ್ಲಿ ವೈದ್ಯರ ನೆರವಿಲ್ಲದೆ ಸಾಯುತ್ತಿದ್ದ ತಾಯಂದಿರ ಮತ್ತು ಹಸುಗೂಸುಗಳ ಕಥೆ. ಓದಿ ಮುಗಿಸಿದಾಗ ಮೊಣಕಾಲೂರಿ ಕುಳಿತಿದ್ದ ಆಕೆಗೆ ತನ್ನ ಮುಂದಿನ ಹಾದಿ ಯಾವುದೆಂಬುದು ನಿಶ್ಚಯವಾಗಿತ್ತು.

ಆ ಹೊತ್ತಗೆ ಹೇಳಿದ್ದೇನೆಂಬುದನ್ನು ನಮ್ಮ ಮನೆಗಳ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಚೊಚ್ಚಲ ಹೆರಿಗೆಯಲ್ಲೇ ತೀರಿಕೊಂಡ ಸೋದರತ್ತೆಯ, ಹತ್ತು ಹೆತ್ತು ನಾಲ್ವರನ್ನು ಉಳಿಸಿಕೊಂಡ ಅಜ್ಜಿಯ ಕಥೆ ಇಲ್ಲದ ಮನೆತನವುಂಟೆ? ಹೆರಿಗೆಯ ಕೋಣೆಗೆ ಪರಪುರುಷ ಕಾಲಿಡಲಾಗದು. ವೈದ್ಯರೋ ಬಹುಪಾಲು ಪುರುಷರು. ಸೂಲಗಿತ್ತಿಯ ಕೈಮೀರಿದರೆ ಉಳಿದದ್ದು ದೇವರ ಮೇಲಿನ ಭಾರ. ಗೋಷಾ ಪದ್ಧತಿಯಿದ್ದ ಮನೆಗಳಲ್ಲಂತೂ ನಾಡಿ ನೋಡಲೂ ವೈದ್ಯನಿಗೆ ಎಡೆಯಿರಲಿಲ್ಲ.

ಇದಕ್ಕೆ ವೈದ್ಯೆಯರೇ ಮದ್ದು. ಆಸ್ಪತ್ರೆಗಳನ್ನೂ ಅನಾಥಾಲಯಗಳನ್ನೂ ನಡೆಸುತ್ತಿದ್ದ ಕ್ಯಾಥೊಲಿಕ್ ಸಂನ್ಯಾಸಿನಿಯರು ಆಗಲೇ ಭಾರತದ ಮೂಲೆಮೂಲೆಗಳಲ್ಲಿದ್ದರು. ಅವರೇ ವೈದ್ಯವನ್ನು ಕಲಿತು ಮಾಡಬಾರದೇಕೆ? ವಿಚಿತ್ರವೆಂದರೆ ಅಲ್ಲಿಯೂ ಒಂದು ಬಾಗಿಲು ಮುಚ್ಚಿತ್ತು. ದೀಕ್ಷೆ ಪಡೆದವರು ವೈದ್ಯವೃತ್ತಿ ನಡೆಸುವುದು, ಅದರಲ್ಲೂ ಹೆರಿಗೆ ಮಾಡಿಸುವುದು, ಚರ್ಚಿನ ನಿಯಮಕ್ಕೆ ವಿರುದ್ಧವಾಗಿತ್ತು. ಇತ್ತ ಗೋಷಾದ ಹೆಣ್ಣಿಗೆ ವೈದ್ಯನನ್ನು ಕರೆಯುವಂತಿಲ್ಲ. ಅತ್ತ ಆಕೆಯ ಬಳಿಗೆ ಹೋಗಬಲ್ಲ ಸಂನ್ಯಾಸಿನಿ ವೈದ್ಯೆಯಾಗುವಂತಿಲ್ಲ. ಎರಡೂ ಕಡೆ ಕಟ್ಟುಪಾಡಿನ ಹೆಸರು ಮರ್ಯಾದೆ. ನಡುವೆ ಸಾಯುವವಳು ಬಾಣಂತಿ. ಆಗ್ನೆಸ್ ಮ್ಯಾಕ್ಲಾರೆನ್ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ರಾವಲ್ಪಿಂಡಿಗೆ ಬಂದು ಈ ಸ್ಥಿತಿಯನ್ನು ಕಣ್ಣಾರೆ ಕಂಡವರು. ನಿಯಮವನ್ನು ಸಡಿಲಿಸಬೇಕೆಂದು ರೋಮಿಗೆ ಮತ್ತೆ ಮತ್ತೆ ಹೋಗಿ ಮೊರೆಯಿಟ್ಟರು. 1913ರಲ್ಲಿ ಅವರು ತೀರಿಕೊಂಡಾಗಲೂ ಆ ಬಾಗಿಲು ಮುಚ್ಚಿಯೇ ಇತ್ತು.

ಮೇರಿ ನಿಶ್ಚಯ ಮಾಡಿದರೇನೋ ನಿಜ. ಹೊರಡಲು ನಾಲ್ಕು ವರ್ಷಗಳು ಹಿಡಿದವು. ಮಹಾಯುದ್ಧ ನಡೆದಿತ್ತು. ಆ ಅವಧಿಯನ್ನು ಅವರು ನಿಟ್ಟುಸಿರಿನಲ್ಲಿ ಕಳೆಯಲಿಲ್ಲ. ಭಾರತದಲ್ಲಿ ಬೇಕಾಗುವ ವಿದ್ಯೆ ಯಾವುದೆಂದು ಯೋಚಿಸಿ ಪ್ರಸೂತಿ, ಸ್ತ್ರೀರೋಗ ಮತ್ತು ನೇತ್ರ ಚಿಕಿತ್ಸೆಗಳಲ್ಲಿ ವ್ಯಾಸಂಗ ಮಾಡಿ 1919ರ ಡಿಸೆಂಬರಿನಲ್ಲಿ ಎಂ.ಡಿ. ಪದವಿ ಪಡೆದರು. ಮರುತಿಂಗಳೇ, 1920ರ ಜನವರಿಯಲ್ಲಿ ಹಡಗು ಹತ್ತಿದರು. ಆಗ ಅವರಿಗೆ ಮೂವತ್ತೆರಡು ವರ್ಷ. ಆಮೇಲೆ ಅವರು ತವರು ನೆಲವನ್ನು ಮತ್ತೆ ಕಾಣಲೇ ಇಲ್ಲ.

ಫೆಬ್ರವರಿಯಲ್ಲಿ ಮದರಾಸು, ಅಲ್ಲಿಂದ ಗುಂಟೂರು. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ಆ ತೆಲುಗು ಪಟ್ಟಣದಲ್ಲಿ ಹಾಲೆಂಡ್ ಮೂಲದ 'ಯೇಸು ಮೇರಿ ಜೋಸೆಫ್' ಸಂಘದ ಸೋದರಿಯರು 1904ರಿಂದಲೂ ನೆಲೆಸಿದ್ದರು. ಮೇರಿ ಆ ಸಂಘವನ್ನೇ ಸೇರಿ ದೀಕ್ಷೆ ಪಡೆದು 'ಪವಿತ್ರ ಹೃದಯದ ಸೋದರಿ ಮೇರಿ'ಯಾದರು. ಸಂನ್ಯಾಸಿನಿಯಾಗಿದ್ದೇ ವೈದ್ಯ ಮಾಡಲು ಅವರಿಗೆ ಪೋಪ್ 15ನೆಯ ಬೆನೆಡಿಕ್ಟ್ ಅವರ ವಿಶೇಷ ಅನುಮತಿ ದೊರೆಯಿತು. ಹೀಗೆ ಅಧಿಕೃತವಾಗಿ ವೈದ್ಯವೃತ್ತಿ ನಡೆಸಿದ ಮೊದಲ ಕ್ಯಾಥೊಲಿಕ್ ಸಂನ್ಯಾಸಿನಿಯೆಂದು ಅವರನ್ನು ಗಣಿಸುತ್ತಾರೆ. ನಿಯಮವೇ ಬದಲಾಗಿ ಉಳಿದವರಿಗೂ ಹಾದಿ ತೆರೆದದ್ದು 1936ರಲ್ಲಿ. ಅಂದರೆ ಮೇರಿ ಗುಂಟೂರಿಗೆ ಬಂದು ಹದಿನಾರು ವರ್ಷಗಳಾದ ಮೇಲೆ!

ಗುಂಟೂರಿನ ಬೇಸಗೆ ಎಂತಹುದೆಂಬುದನ್ನು ಅಲ್ಲಿಗೆ ಹೋಗಿ ಬಂದವರು ಬಲ್ಲರು. ಆ ಉರಿಯಲ್ಲಿ, ಒಂದು ಸಣ್ಣ ಔಷಧಾಲಯದಿಂದ ಕೆಲಸ ಆರಂಭವಾಯಿತು. ಕಾಲಿನ್ಸ್ ಸ್ಟ್ರೀಟಿನಲ್ಲಿ ಅಚ್ಚುಕಟ್ಟಾಗಿ ಗೊತ್ತುಪಡಿಸಿದ ವೇಳೆಗೆ ಬರುವ ರೋಗಿಗಳೆಲ್ಲಿ, ಮಗುವನ್ನು ಸೊಂಟದ ಮೇಲೆ ಹೊತ್ತು ದೂರದ ಹಳ್ಳಿಗಳಿಂದ ಬರುವ ಈ ಬಡವರೆಲ್ಲಿ! ಔಷಧಾಲಯ ಬೆಳೆದು ಸೇಂಟ್ ಜೋಸೆಫ್ಸ್ ಆಸ್ಪತ್ರೆಯಾಯಿತು. ವರ್ಷಗಳು ಉರುಳಿದಂತೆ ಅಲ್ಲಿ ಚಿಕಿತ್ಸೆ ಪಡೆದವರ ಸಂಖ್ಯೆ ಲಕ್ಷಗಳನ್ನು ಮುಟ್ಟಿತು. ಬಹುಕಾಲ ಇದಕ್ಕೆಲ್ಲ ಇದ್ದ ವೈದ್ಯೆ ಆಕೆಯೊಬ್ಬರೇ.

ಒಬ್ಬರಿಂದ ಆಗುವ ಕೆಲಸ ಇದಲ್ಲವೆಂಬುದನ್ನು ಮೇರಿಯಷ್ಟು ಚೆನ್ನಾಗಿ ಅರಿತವರು ಬೇರೆ ಯಾರಿದ್ದಾರು? ಸೇವೆಯ ಕಥೆಗಳಲ್ಲಿ ನಾವು ಸಾಮಾನ್ಯವಾಗಿ ಹುಡುಕುವುದು ತ್ಯಾಗವನ್ನು. ಮೇರಿಯ ತ್ಯಾಗ ದೊಡ್ಡದೇ. ಆದರೆ ಅದಕ್ಕಿಂತ ಗಮನಾರ್ಹವಾದದ್ದು ಅವರ ದೂರದೃಷ್ಟಿ. ಸ್ಥಳೀಯ ಹೆಣ್ಣುಮಕ್ಕಳನ್ನು ಕರೆದು ಕಾಂಪೌಂಡರ್, ದಾದಿ, ಸೂಲಗಿತ್ತಿಯರ ಕೆಲಸಕ್ಕೆ ತರಬೇತು ಕೊಟ್ಟರು. ತಾನು ಹೋದಲ್ಲಿ ಮಾತ್ರ ಜೀವ ಉಳಿದರೆ ಸಾಲದು, ತಾನಿಲ್ಲದ ಕಡೆಯೂ ಉಳಿಯಬೇಕು ಎಂಬ ಲೆಕ್ಕಾಚಾರ ಅದು. 1943ರ ಜುಲೈ 29ರಂದು ಅವರು ಹದಿನಾರು ಮಂದಿ ಸೋದರಿಯರನ್ನು ಗುಂಟೂರಿನಲ್ಲಿ ಕೂಡಿಸಿ, ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಇಂದು ಸಿಕಂದರಾಬಾದಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಆ ಸಂಘದಲ್ಲಿ ಮೂರೂವರೆ ಸಾವಿರದಷ್ಟು ಆಸ್ಪತ್ರೆಗಳೂ ಚಿಕಿತ್ಸಾ ಕೇಂದ್ರಗಳೂ ಸೇರಿವೆ. ವೈದ್ಯರನ್ನು ಸಿದ್ಧಗೊಳಿಸಲು ತಮ್ಮದೇ ಒಂದು ವೈದ್ಯಕೀಯ ಕಾಲೇಜು ಬೇಕೆಂಬ ಮಾತನ್ನು ಮೇರಿ ಮುಂದಿಟ್ಟದ್ದೂ ಆ ಸಂಘದ ಮೂಲಕವೇ.

ಮದರ್ ತೆರೇಸಾ ಕಲ್ಕತ್ತೆಗೆ ಬಂದಿಳಿದದ್ದು 1929ರಲ್ಲಿ. ಆ ವೇಳೆಗೆ ಗುಂಟೂರಿನಲ್ಲಿ ಮೇರಿಯ ಕೆಲಸ ಒಂಬತ್ತು ವರ್ಷ ಹಳೆಯದಾಗಿತ್ತು. ಒಬ್ಬರ ಹೆಸರು ಜಗತ್ತಿಗೆಲ್ಲ ಗೊತ್ತು; ಇನ್ನೊಬ್ಬರದು ಗುಂಟೂರಿನಾಚೆ ಹೆಚ್ಚು ದೂರ ಹೋಗಲಿಲ್ಲ. ಪ್ರಸಿದ್ಧಿ ಯಾರ ಮನೆಗೆ ಯಾವಾಗ ಬರುವುದೆಂಬುದನ್ನು ಬಲ್ಲವರಾರು! ತೀರ ತಡವಾಗಿ, 2013ರಲ್ಲಿ, ಚರ್ಚು ಮೇರಿಯನ್ನು 'ದೇವರ ಸೇವಕಿ' ಎಂದು ಸಾರಿತು. ಸಂತ ಪದವಿಗೇರುವ ಹಾದಿಯಲ್ಲಿ ಅದು ಮೊದಲ ಮೆಟ್ಟಿಲು.

ಎಷ್ಟೋ ಜನರ ಕಾಯಿಲೆಯನ್ನು ವಾಸಿಮಾಡಿದ ಆ ಕೈಗಳಿಗೆ ತಮ್ಮದೇ ದೇಹಕ್ಕೆ ಬಂದ ಕ್ಯಾನ್ಸರ್ ವ್ಯಾಧಿಯನ್ನು ನಿಲ್ಲಿಸಲಾಗಲಿಲ್ಲ. 1957ರ ಮೇ 5ರಂದು ಬೆಂಗಳೂರಿನಲ್ಲಿ, ಎಪ್ಪತ್ತು ತುಂಬಲು ಒಂದೂವರೆ ತಿಂಗಳಿರುವಾಗ, ಮೇರಿ ಕೊನೆಯುಸಿರೆಳೆದರು. ಅವರು ಬೇಡಿದ ಕಾಲೇಜು ಆಗಿನ್ನೂ ಮಾತಿನಲ್ಲೇ ಇತ್ತು.

1963ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ತರಗತಿಗಳು ಆರಂಭವಾದವು. ಅಲ್ಲಿ ಸಂನ್ಯಾಸಿನಿಯರಿಗೆಂದೇ ಕೆಲವು ಸ್ಥಾನಗಳನ್ನು ತೆಗೆದಿರಿಸುವ ಪದ್ಧತಿಯುಂಟು. ಅವರು ಪದವಿ ಪಡೆದು, ಕೊರಳಿಗೆ ಸ್ಟೆತೊಸ್ಕೋಪು ಹಾಕಿಕೊಂಡು, ದೂರದ ಹಳ್ಳಿಗಳ ಹೆರಿಗೆಯ ಕೋಣೆಗಳಿಗೆ ಹೋಗುತ್ತಾರೆ. ರೋಮಿನ ಅನುಮತಿಯನ್ನು ಯಾರೂ ಕೇಳಬೇಕಾಗಿಲ್ಲ.