ಓಝೋನ್ ಚಿಕಿತ್ಸೆಯೂ ಜೀವಕೋಶದ ರಕ್ಷಣೆಯೂ



ಕಳೆದ ತಿಂಗಳು ನಮ್ಮ ವೈದ್ಯಕೀಯ ನೆರವು ಸಮಿತಿಗೆ ಬಂದ ಒಂದು ಅರ್ಜಿ ನನ್ನನ್ನು ಪೇಚಿಗೆ ಸಿಲುಕಿಸಿತು. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದ ಸದಸ್ಯರೊಬ್ಬರು ಹತ್ತು ಸಲದ ಓಝೋನ್ ಚಿಕಿತ್ಸೆಗೆ ಹಣ ಕೇಳಿದ್ದರು. ‘ಜೀವಕೋಶಗಳ ಆ್ಯಂಟಿಆಕ್ಸಿಡೆಂಟ್ ಶಕ್ತಿ ಹೆಚ್ಚುತ್ತದೆ’ ಎಂದು ಕ್ಲಿನಿಕ್ ಕೊಟ್ಟ ಅಂದಾಜುಪಟ್ಟಿಯಲ್ಲಿತ್ತು. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಸವೆದವನು. ಆದರೂ ನಿಮ್ಮ ಹಣಕ್ಕೆ ಸಹಿ ಹಾಕುವ ಮುನ್ನ ವಿಷಯ ತಿಳಿಯಬೇಕಲ್ಲ. ಓದಿದೆ, ಪರಿಚಯದ ವೈದ್ಯರನ್ನೂ ಕೇಳಿದೆ.

ಆಮ್ಲಜನಕದ ಎರಡು ಪರಮಾಣು ಸೇರಿದರೆ ನಾವು ಉಸಿರಾಡುವ ಅನಿಲ, ಮೂರು ಸೇರಿದರೆ ಓಝೋನ್. ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶಕ್ಕೆ ವಿಷ. ಚಿಕಿತ್ಸೆಯ ಒಂದು ವಿಧಾನದಲ್ಲಿ ರೋಗಿಯ ಸ್ವಲ್ಪ ರಕ್ತ ತೆಗೆದು, ಅಳತೆಯ ಓಝೋನ್-ಆಮ್ಲಜನಕ ಮಿಶ್ರಣ ಬೆರೆಸಿ, ಮತ್ತೆ ಮೈಗೆ ಏರಿಸುತ್ತಾರೆ. ಓಝೋನ್ ಆ ರಕ್ತದಲ್ಲಿ ಬಲುಬೇಗ ಖರ್ಚಾಗಿ, ಹೈಡ್ರೋಜನ್ ಪೆರಾಕ್ಸೈಡನ್ನೂ ಕೊಬ್ಬು ಒಡೆದ ಕೆಲವು ತುಣುಕುಗಳನ್ನೂ ಉಳಿಸಿಹೋಗುತ್ತದೆ. ಜೀವಕೋಶಕ್ಕೆ ಇವೇ ಅಪಾಯದ ಗಂಟೆ.

ಕೋಶದೊಳಗೆ ಎನ್‌ಆರ್‌ಎಫ್-2 ಎಂಬ ಪ್ರೋಟೀನ್ ಇದೆ. ಸಾಮಾನ್ಯ ದಿನಗಳಲ್ಲಿ ಕೀಪ್-1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದಿಟ್ಟಿರುತ್ತದೆ. ಆ ತುಣುಕುಗಳು ಕೀಪ್-1ಕ್ಕೆ ಅಂಟಿದಾಗ ಹಿಡಿತ ಸಡಿಲವಾಗುತ್ತದೆ; ಎನ್‌ಆರ್‌ಎಫ್-2 ಕೋಶಕೇಂದ್ರಕ್ಕೆ ಹೋಗಿ ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಗ್ಲುಟಾಥಯೋನ್, ಕ್ಯಾಟಲೇಸ್, ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಮುಂತಾದವುಗಳ ತಯಾರಿ ಏರುತ್ತದೆ.

ನನಗೆ ನೆನಪಾದದ್ದು ನಮ್ಮ ಶಾಖೆಗೆ ಹೇಳದೆ ಕೇಳದೆ ಬರುತ್ತಿದ್ದ ಇನ್‌ಸ್ಪೆಕ್ಟರು. ತಿಂಗಳಿಂದ ತಾಳೆಯಾಗದ ಲೆಡ್ಜರುಗಳು ಅಂದು ಸಂಜೆಯೊಳಗೆ ತಾಳೆಯಾಗುತ್ತಿದ್ದವು! ಆದರೆ ಅರ್ಧ ಸಿಬ್ಬಂದಿ ರಜೆಯಲ್ಲಿದ್ದಾಗ ಬಂದರೆ ಕೌಂಟರೇ ಮುಚ್ಚಬೇಕಾಗುತ್ತಿತ್ತು. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಕೋಶದ ಈ ದಾಸ್ತಾನು ಎಷ್ಟೋ ವೇಳೆ ಮೊದಲೇ ಕರಗಿರುತ್ತದೆ. ಪ್ರಮಾಣ ಮೀರಿದರೆ ಅದೇ ಓಝೋನ್ ಹಾನಿ ಮಾಡುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗಂತೂ ಕೆಂಪು ರಕ್ತಕಣ ಒಡೆಯುವ ಭಯವಿದೆ.

ಇಷ್ಟಾಗಿ, ಕಿಣ್ವ ಏರುವುದು ಬೇರೆ, ಹುಣ್ಣು ಮಾಯುವುದು ಬೇರೆ. ಇಂಥ ಹುಣ್ಣಿಗೆ ಓಝೋನ್ ಕೊಟ್ಟ ಬಗ್ಗೆ 2015ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಗೆ ಸಿಕ್ಕಿದ್ದು ಮೂರೇ ಅಧ್ಯಯನ, 212 ರೋಗಿಗಳು. ಖಚಿತವಾಗಿ ಹೇಳುವಷ್ಟು ಪುರಾವೆ ಅದಕ್ಕೆ ಸಿಗಲಿಲ್ಲ.

ಸಮಿತಿ ಓಝೋನ್‌ಗೆ ಹಣ ಮಂಜೂರು ಮಾಡಲಿಲ್ಲ. ಮನೆಗೆ ಹೋಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರ ಶ್ರೀಮತಿಯವರು ಮಾತಾಡದೆ ಕಾಫಿ ತಂದಿಟ್ಟರು. ಹುಣ್ಣು ಶುಚಿಮಾಡುವ ಶಸ್ತ್ರಚಿಕಿತ್ಸೆ, ಡ್ರೆಸಿಂಗ್, ಇನ್ಸುಲಿನ್, ಪಾದದ ಮೇಲಿನ ಭಾರ ತಗ್ಗಿಸುವ ಚಪ್ಪಲಿ ಇವುಗಳ ಬಿಲ್ಲನ್ನು ಈಗ ನಮ್ಮ ನಿಧಿ ಭರಿಸುತ್ತಿದೆ. ಡ್ರೆಸಿಂಗ್ ಇನ್ನೂ ಮೂರು ತಿಂಗಳು ನಡೆಯಬೇಕು. ನೆರವಾಗಬಯಸುವವರು ಚೆಕ್ಕಿನ ಹಿಂಬದಿಯಲ್ಲಿ ‘ವೈದ್ಯಕೀಯ ನಿಧಿ’ ಎಂದು ಬರೆದು ಸಂಘದ ಕಚೇರಿಯಲ್ಲಿ ಕೊಡಿ. ರಸೀದಿ ಕೇಳಿ ಪಡೆಯಿರಿ.